ಬೆಕ್ಕುಗಳ ಪಂಕ್ತಿಭೇದ

ಒಂದೇ ಸಾಲಿನಲ್ಲಿ ಉಣ್ಣಲು ಕುಳಿತವರಲ್ಲಿ ಒಬ್ಬರ ಎಲೆಗೆ ತುಪ್ಪ ಬಡಿಸಿ ಇನ್ನೊಬ್ಬರ ಎಲೆಯನ್ನು ದಾಟಿ ಹೋಗುವುದಕ್ಕೆ ಪಂಕ್ತಿಭೇದವೆಂದು ಹೆಸರು. ಮನುಷ್ಯರ ನಡುವೆ ಅದು ದೊಡ್ಡ ದೋಷ, ಹಾಗೆ ಬಡಿಸಿದ ಮನೆಯ ಮಾತು ಊರಿನಲ್ಲಿ ಬಹಳ ದಿನ ಉಳಿಯುತ್ತದೆ. ತಾಯಿಬೆಕ್ಕು, ಒಂದು ಗಂಡುಬೆಕ್ಕು, ಎರಡು ತಿಂಗಳ ಮೂರು ನಾಲ್ಕು ಮರಿಗಳು ಒಟ್ಟಿಗಿರುವ ಮನೆಯಲ್ಲಾದರೋ ಇದೇ ದೋಷವನ್ನು ಬೇಕೆಂದೇ ಮಾಡಬೇಕಾಗುತ್ತದೆ. ಎಲ್ಲಕ್ಕೂ ಒಂದೇ ತಟ್ಟೆಯಲ್ಲಿ ಹಾಕಿಬಿಡುವ ಸಮಭಾವ ನೋಡುವವರ ಕಣ್ಣಿಗೆ ಹಿತವಾದರೂ ಮರಿಯ ಹೊಟ್ಟೆಗೆ ಹಿತವಲ್ಲ.

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿ ಶಿವಗಂಗೆ ಬೆಟ್ಟದ ಮಗ್ಗುಲಿನ ರಾಗಿ, ಅವರೆ, ಹುರುಳಿಯ ಸೀಮೆ. ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆಂದು ಭಕ್ತರು ನಂಬುವ ಬೆಟ್ಟದ ತಪ್ಪಲಿನಲ್ಲಿಯೂ ಮನೆಯ ಬೆಣ್ಣೆಯನ್ನು ಮಾತ್ರ ಬೆಕ್ಕಿಗೆ ಹೆದರಿ ನೆಲುವಿನಲ್ಲಿ, ಅಂದರೆ ತೊಲೆಯಿಂದ ಇಳಿಬಿಟ್ಟ ಹಗ್ಗದ ತೂಗುಬಲೆಯಲ್ಲಿ, ಇಡುತ್ತಿದ್ದರು. ಹಾಗಿದ್ದರೂ ಬೆಕ್ಕನ್ನು ಯಾರೂ ಓಡಿಸುತ್ತಿರಲಿಲ್ಲ, ಏಕೆಂದರೆ ಕಣಜದ ರಾಗಿಗೂ ಹಿತ್ತಲಿನ ಬಣವೆಗೂ ಇಲಿಯಿಂದ ಕಾವಲು ಬೇಕಿತ್ತು. ಕಾವಲಿಗೆ ಸಿಗುತ್ತಿದ್ದ ಸಂಬಳವೆಂದರೆ ಉಂಡುಳಿದ ಮುದ್ದೆಯ ಚೂರನ್ನು ತುಸು ಹಾಲಿನಲ್ಲಿ ಕಿವುಚಿ ಒಲೆಯ ಮೂಲೆಯ ಕರಟಕ್ಕೆ ಹಾಕಿದ್ದು. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದೆಂಬ ನಂಬಿಕೆಯೂ ಆ ಜಿಪುಣತನಕ್ಕೆ ಬೆಂಬಲವಾಗಿತ್ತು. ಬೇಟೆಯ ಚಪಲಕ್ಕೂ ಹಸಿವಿಗೂ ಅಷ್ಟು ಬಿಗಿಯಾದ ನಂಟಿಲ್ಲ, ತಿನ್ನುತ್ತಿರುವುದನ್ನು ಬಿಟ್ಟು ಇಲಿಯ ಮೇಲೆ ನೆಗೆಯುವ ಬೆಕ್ಕು ಎಲ್ಲ ಮನೆಗಳಲ್ಲೂ ಇದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ಕೃಷ್ಣದೇವರಾಯ ಮನೆಗೊಂದು ಬೆಕ್ಕಿನ ಮರಿಯನ್ನೂ ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸುತ್ತಾನೆ. ರಾಮಕೃಷ್ಣ ಮರಿಗೆ ಕುದಿಯುವ ಹಾಲಿಟ್ಟು, ಬಾಯಿ ಸುಟ್ಟುಕೊಂಡ ಅದು ಮುಂದೆ ಹಾಲು ಕಂಡರೆ ಓಡುವಂತೆ ಮಾಡಿ, ಹಸುವಿನ ಹಾಲನ್ನೆಲ್ಲ ತಾನೇ ಕುಡಿಯುತ್ತಾನೆ. ನಗುವಿನ ಭರದಲ್ಲಿ ಕೇಳುಗರು ಗಮನಿಸದೆ ಬಿಡುವ ಸಂಗತಿಯೆಂದರೆ, ಬೆಕ್ಕಿನ ಊಟವೆಂದರೆ ಹಾಲು ಎಂದು ಅರಸನೂ ವಿದೂಷಕನೂ ಒಂದೇ ಸಮನೆ ಒಪ್ಪಿಕೊಂಡಿದ್ದಾರೆ.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆದು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಮರಿಯ ಕರುಳಿನಲ್ಲಿ ಧಾರಾಳವಾಗಿದ್ದು, ಮೊಲೆ ಬಿಟ್ಟ ಮೇಲೆ ಕ್ರಮೇಣ ತಗ್ಗುತ್ತದೆ. ಹೀಗಾಗಿ ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಬಟ್ಟಲು ಹಾಲು ಭೇದಿಯ ಮದ್ದೇ ಸರಿ. ಹಾಲಿಗೆ ಸಕ್ಕರೆ ಬೆರೆಸುವ ಅಕ್ಕರೆಯಂತೂ ಪೂರ್ತಿ ವ್ಯರ್ಥ: ಸಿಹಿಯನ್ನು ಗ್ರಹಿಸಲು ಬೇಕಾದ ಎರಡು ಜೀನುಗಳಲ್ಲಿ ಒಂದು ಬೆಕ್ಕಿನ ಜಾತಿಯಲ್ಲೇ ಕೆಟ್ಟುಹೋಗಿದೆಯೆಂದು 2005ರಲ್ಲಿ ತಿಳಿದುಬಂತು. ಮಾಂಸದಲ್ಲಿ ಮಾತ್ರ ಹೇರಳವಾಗಿರುವ ಟೌರಿನ್ ಎಂಬ ಅಮೈನೋ ಆಮ್ಲವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು; ಅದು ಕಡಿಮೆಯಾದರೆ ಕಣ್ಣು ಕೆಡುತ್ತದೆ, ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ. ಹೃದಯದ ಈ ಕಾಯಿಲೆಗೂ ಟೌರಿನ್ ಕೊರತೆಗೂ ಇರುವ ನಂಟನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು ಪ್ರಕಟಿಸಿದ್ದು 1987ರಲ್ಲಿ. ಮುದ್ದೆಯಲ್ಲಿ ಟೌರಿನ್ ಇಲ್ಲ, ಅನ್ನದಲ್ಲೂ ಇಲ್ಲ. ಆದರೂ ಹಳ್ಳಿಯ ಬೆಕ್ಕುಗಳು ಬದುಕಿದ್ದು ಹೇಗೆಂದರೆ, ಕರಟದಲ್ಲಿ ಇಲ್ಲದ್ದು ಕಣಜದ ಸಂದಿಯಲ್ಲಿತ್ತು. ಮನೆಯವರು ತಾವು ಸಾಕಿದೆವೆಂದುಕೊಂಡ ಬೆಕ್ಕನ್ನು ನಿಜವಾಗಿ ಸಾಕಿದ್ದು ಇಲಿಗಳು.

ಆ ಸಂದಿ ಈಗ ಕಿರಿದಾಗಿದೆ. ಡಾಬಸ್‌ಪೇಟೆಯ ಸುತ್ತ ಕೈಗಾರಿಕಾ ಪ್ರದೇಶ ಬೆಳೆದು ರಾಗಿ ಹೊಲಗಳ ಜಾಗದಲ್ಲಿ ಗೋದಾಮುಗಳು ಎದ್ದಿವೆ, ಹೆಂಚಿನ ಮನೆಗಳು ತಾರಸಿಯಾಗಿವೆ, ವರ್ಷದ ರಾಗಿ ತಿಂಗಳ ಚೀಲಕ್ಕೆ ಇಳಿದಿದೆ. ಉಳಿದ ಇಲಿಗಳಿಗೆ ಜನ ಪಾಷಾಣ ಇಡುವುದರಿಂದ, ಅದನ್ನು ತಿಂದು ಮಂಕಾದ ಇಲಿಯನ್ನು ಸುಲಭವಾಗಿ ಹಿಡಿದ ಬೆಕ್ಕೂ ವಿಷವೇರಿ ಸಾಯಬಹುದು. ಆದ್ದರಿಂದ ಕಣಜ ಕೊಡುತ್ತಿದ್ದುದನ್ನು ತಟ್ಟೆಯೇ ಕೊಡಬೇಕಾಗಿದ್ದು, ಕೋಳಿ ಅಂಗಡಿಯ ಚೂರುಪಾರು, ಬೇಯಿಸಿದ ಮೀನು, ಪಾಕೀಟಿನ ಕಾಳು ಈಗ ಮುದ್ದೆಯ ಜಾಗಕ್ಕೆ ಬಂದಿವೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ತುಂಡುಗಳನ್ನು ಮಾತ್ರ ಹಾಕಬಾರದು. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ.

ಮರಿಗೂ ದೊಡ್ಡದಕ್ಕೂ ಇರುವ ಅಂತರ ಲೆಕ್ಕಕ್ಕಿಳಿದಾಗ ಅಚ್ಚರಿ ಹುಟ್ಟಿಸುತ್ತದೆ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೋಕ್ಯಾಲೊರಿ ಸಾಕು. ಅಂಗೈ ಮೇಲೆ ಕೂರುವ, ಒಂದು ಕಿಲೋ ತೂಕದ ಎರಡೂವರೆ ತಿಂಗಳ ಮರಿಗೂ ಹೆಚ್ಚುಕಡಿಮೆ 200 ಬೇಕು. ಹೊಟ್ಟೆಯೋ ನೆಲ್ಲಿಕಾಯಿಯಷ್ಟು, ಬೇಕಾದುದೋ ದೊಡ್ಡದರ ಊಟದಷ್ಟು. ಹೀಗಿರುವಾಗ ದಿನಕ್ಕೆ ನಾಲ್ಕು ಸಲವಾದರೂ ಸ್ವಲ್ಪಸ್ವಲ್ಪವಾಗಿ, ಪ್ರೋಟೀನು ಕೊಬ್ಬು ಹೆಚ್ಚಿರುವುದನ್ನೇ ಕೊಡದೆ ಬೇರೆ ದಾರಿಯಿಲ್ಲ. ಮರಿಯ ಆಹಾರವನ್ನು ದೊಡ್ಡದು ತಿಂದರೆ ತಕ್ಷಣಕ್ಕೆ ಕೇಡಿಲ್ಲ, ಬೊಜ್ಜು ಬರುತ್ತದೆ ಅಷ್ಟೆ. ಮರಿಯ ಪಾಲು ಹೋಯಿತೆಂಬುದೇ ನಿಜವಾದ ನಷ್ಟ. ಹಾಲೂಡುವ ತಾಯಿಗಾದರೆ ಮರಿಯ ಆಹಾರವೇ ಸರಿಯಾದದ್ದರಿಂದ ಅದನ್ನು ಮರಿಗಳ ಪಂಕ್ತಿಗೇ ಸೇರಿಸಬೇಕು, ಹೊರಗಿಡಬೇಕಾದದ್ದು ಗಂಡನ್ನು.

ಸಂಜೆ ಡೇರಿಗೆ ಹಾಲು ಹಾಕಿ ಬರಿದಾದ ಕ್ಯಾನು ಮನೆಗೆ ಬರುವ ಹೊತ್ತಿಗೆ ತಟ್ಟೆಯ ಬಳಿ ನಡೆಯುವುದನ್ನು ನೋಡಬೇಕು. ಮರಿಗಳು ಮುಂಗಾಲುಗಳೆರಡನ್ನೂ ಅನ್ನದೊಳಗೇ ಊರಿ ನಿಂತಿರುತ್ತವೆ. ಅವುಗಳಲ್ಲೊಂದು ಮೀನಿನ ತಲೆಯನ್ನು ಕಚ್ಚಿ, ಕಿವಿ ಹಿಂದಕ್ಕೆ ಒತ್ತಿ, ತನ್ನ ಗಾತ್ರಕ್ಕೆ ಒಪ್ಪದ ಗುರುಗುಟ್ಟುವಿಕೆಯೊಡನೆ ಮೂಲೆಗೆ ಸರಿಯುತ್ತದೆ. ತಾಯಿ ಎರಡು ಬಾಯಿ ತಿಂದು ಹಿಂದೆ ಸರಿದು ಬಾಲವನ್ನು ಕಾಲಿಗೆ ಸುತ್ತಿಕೊಂಡು ಕೂರುತ್ತದೆ. ಗಂಡು ಅವಸರವಿಲ್ಲದೆ ಬಂದು ತಲೆ ಇಳಿಸಿದರೆ ಸಾಕು, ತಟ್ಟೆಯ ಆ ಬದಿ ಖಾಲಿಯಾಗುತ್ತದೆ. ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಈ ಪ್ರಾಣಿಗೆ ಸಹಪಂಕ್ತಿ ಎಂಬುದು ಹುಟ್ಟುಗುಣವಲ್ಲ; ಜಗಳ ಕಾಣದಿದ್ದರೂ ಸಪ್ಪೆಯಾದ ಮರಿಯೊಂದು ಅರೆಹೊಟ್ಟೆಯಲ್ಲೇ ಉಳಿದಿರುತ್ತದೆ. ಶ್ರೀವೈಷ್ಣವರ ಮಾರ್ಜಾಲಕಿಶೋರ ನ್ಯಾಯದಲ್ಲಿ, ಎಂದರೆ ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನ ಮರಿಯ ಹೋಲಿಕೆಯಲ್ಲಿ, ಮರಿ ಏನನ್ನೂ ಮಾಡಬೇಕಾಗಿಲ್ಲ. ತಾಯಿ ಮರಿಗಳಿಗೆ ಏಳು ಮನೆ ತೋರಿಸುತ್ತದೆಂದು ಜನ ಹೇಳುವ ದಿನಗಳವರೆಗೆ ಅದು ಸರಿ, ತಟ್ಟೆಯ ಮುಂದೆ ಆ ಶರಣಾಗತಿ ನಡೆಯುವುದಿಲ್ಲ.

ಈ ಪಂಕ್ತಿಭೇದಕ್ಕೆ ಸೋಂಪುರದ ಮನೆಗಳಲ್ಲಿ ಬೇಕಾದ ಉಪಕರಣ ಹೊಸದೇನೂ ಅಲ್ಲ. ಕೋಳಿ ಮುಚ್ಚುವ ಮಂಕರಿಯನ್ನು ಬೋರಲು ಹಾಕಿ, ಅಂಚಿನ ಒಂದು ಕಡೆ ಮರಿಯ ತಲೆ ಮತ್ತು ಭುಜ ನುಸುಳುವಷ್ಟೇ ಕಿಂಡಿ ಬಿಡಿಸಿ, ಮೇಲೆ ಭಾರಕ್ಕೊಂದು ಕಲ್ಲಿಟ್ಟರೆ ಒಳಗಿನ ತಟ್ಟೆ ಮರಿಗಳದ್ದಾಗುತ್ತದೆ. ಹಾಲೂಡುವ ತಾಯಿಗೂ ಅದೇ ಆಹಾರವನ್ನು ಮಂಕರಿಯ ಹೊರಗೆ ಬೇರೆ ತಟ್ಟೆಯಲ್ಲಿ ಕೊಟ್ಟು, ಗಂಡಿನ ಪಾಲನ್ನು ಮರಿ ಹಾರಲಾರದ ಎತ್ತರದ ಗೂಡಿನಲ್ಲಿಟ್ಟು, ಕಾಲು ಗಂಟೆಯ ಮೇಲೆ ತಟ್ಟೆಗಳನ್ನು ಎತ್ತಿಬಿಡಬೇಕು. ನೀರು ಮಾತ್ರ ಸದಾ ಇರಲಿ. ತಿಂದರೂ ಹೊಟ್ಟೆ ಉಬ್ಬಿ ಬೆನ್ನುಮೂಳೆ ಕಾಣುವ ಮರಿಗೆ ಊಟ ಹೆಚ್ಚಿಸಿ ಪ್ರಯೋಜನವಿಲ್ಲ. ದುಂಡುಹುಳು ತಾಯಿಯ ಹಾಲಿನಲ್ಲೇ ಇಳಿದು ಬರುವುದರಿಂದ ಪಶುವೈದ್ಯರಲ್ಲಿ ಜಂತಿನ ಔಷಧಿ ಕೇಳಬೇಕು.

ಕೆಲವೇ ತಿಂಗಳುಗಳಲ್ಲಿ ಕಿಂಡಿ ಮರಿಗೆ ಬಿಗಿಯಾಗುತ್ತದೆ, ಗೂಡು ಒಂದೇ ನೆಗೆತಕ್ಕೆ ಸಿಗುತ್ತದೆ, ಒಂದು ವರ್ಷದ ಹೊತ್ತಿಗೆ ಆಹಾರದ ಭೇದವೂ ಮುಗಿಯುತ್ತದೆ. ಆದರೆ ಬೆಕ್ಕಿನ ಬಸುರು ಒಂಬತ್ತೇ ವಾರಗಳದ್ದು. ತಾಯಿಗೆ ಸಂತಾನಹರಣ ಮಾಡಿಸದ ಮನೆಯಲ್ಲಿ, ಮಂಕರಿಯನ್ನು ಕೋಳಿಗಳಿಗೆ ಹಿಂತಿರುಗಿಸುವ ಮೊದಲೇ ಅಟ್ಟದ ಮೇಲಿನ ಗೋಣಿಚೀಲಗಳ ಮಧ್ಯೆ ಮತ್ತೊಂದು ಸೂಲಿನ ಸಣ್ಣ ದನಿಗಳು ಕೇಳಿಸತೊಡಗಿರುತ್ತವೆ.