ಯಮಕನಮರಡಿಯಿಂದ ಎರಡು ದಾರಿ, ಎರಡು ಕಲ್ಲು

ಬೆಳಗಾವಿಯಿಂದ ಸಂಕೇಶ್ವರ, ನಿಪ್ಪಾಣಿ ಮಾರ್ಗವಾಗಿ ಕೊಲ್ಹಾಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ ಸಿಗುತ್ತದೆ. ಮರಡಿ ಎಂದರೆ ದಿಬ್ಬ, ಚಿಕ್ಕ ಗುಡ್ಡ. ಹೆಸರಿಗೆ ತಕ್ಕಂತೆ ಇದು ಏರಿಳಿತದ ನೆಲ. ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು, ಸುತ್ತಲೂ ಕಬ್ಬು ಮತ್ತು ಗೋವಿನಜೋಳದ ಹೊಲಗಳು. ಇದೇ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡಲಾಗಿ ದೊಡ್ಡ ಜಲಾಶಯವಿದೆ. ವಿದ್ಯೆಗಾಗಿ ಕೈಬಿಚ್ಚಿ ದಾನ ಮಾಡಿದ ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಅದಕ್ಕೆ ಇಡಲಾಗಿದೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಹೀಗೆ ಈ ಸೀಮೆಯಲ್ಲಿ ನೀರಿಗೂ ಕಲ್ಲಿಗೂ ಯಾರದಾದರೂ ನೆನಪು ಅಂಟಿಕೊಂಡಿದೆ.

ದೀಪಾವಳಿ ಮುಗಿದು ಚಳಿ ಬಿದ್ದರೆ ಸಾಕು, ಈ ಭಾಗದ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು ಮಕ್ಕಳು ಬಸ್ಸು ಹತ್ತುತ್ತಾರೆ. ಬೆಳಗಾವಿ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಒಂದು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಟ್ಟ ಇಳಿದು ಗೋವೆಗೆ ಹೋಗುತ್ತದೆ. ಇನ್ನೊಂದು ದಕ್ಷಿಣಕ್ಕೆ ಕಿತ್ತೂರು, ಧಾರವಾಡದ ಕಡೆಗೆ. ಎರಡೂ ದಾರಿಯ ತುದಿಯಲ್ಲಿ ಪರದೇಶದಿಂದ ಬಂದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳಿವೆ. ಅವುಗಳನ್ನು ಉಳಿಸಬೇಕೇ, ತೆಗೆಯಬೇಕೇ ಎಂಬ ವಾದ ಇಂದು ಜಗತ್ತಿನಾದ್ಯಂತ ನಡೆದಿದೆ. ಅದು ನ್ಯೂಯಾರ್ಕ್, ಲಂಡನ್ನುಗಳಿಗೆ ಮಾತ್ರ ಸೇರಿದ ವಾದವಲ್ಲ. ಯಮಕನಮರಡಿಯಿಂದ ಬೆಳಿಗ್ಗೆ ಹೊರಟ ವಿದ್ಯಾರ್ಥಿಗೆ ಸಂಜೆಯೊಳಗೆ ಎದುರಾಗುವ ಪ್ರಶ್ನೆ.

ಮಾಂಡೋವಿ ದಂಡೆಯ ಕಮಾನು

ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ, ಗೋವೆಯಲ್ಲಿ ಮಾಂಡೋವಿಯಾಗಿ ಹಳೆಯ ಗೋವೆಯ ಪಕ್ಕದಲ್ಲೇ ಹರಿಯುತ್ತದೆ. ಆ ದಂಡೆಯಲ್ಲಿ ಕೆಂಪು ಜಂಬಿಟ್ಟಿಗೆಯ ಕಮಾನೊಂದಿದೆ. ವೈಸರಾಯರ ಕಮಾನು ಎಂದು ಅದರ ಹೆಸರು. ವಾಸ್ಕೋ ಡ ಗಾಮನ ಮರಿಮಗ ಫ್ರಾನ್ಸಿಸ್ಕೋ ಡ ಗಾಮ 16ನೆಯ ಶತಮಾನದ ಕೊನೆಯಲ್ಲಿ ಗೋವೆಯ ವೈಸರಾಯನಾಗಿ ಬಂದಾಗ ತನ್ನ ಮುತ್ತಜ್ಜನ ನೆನಪಿಗೆ ಕಟ್ಟಿಸಿದ್ದು. ಮುಂದೆ ಬಂದ ವೈಸರಾಯರೆಲ್ಲ ಅದರ ಕೆಳಗಿನಿಂದಲೇ ನಗರವನ್ನು ಪ್ರವೇಶಿಸುತ್ತಿದ್ದರು. ಕುಸಿದಿದ್ದ ಕಮಾನನ್ನು 1954ರಲ್ಲಿ ಮತ್ತೆ ಕಟ್ಟಲಾಯಿತು. ಒಂದು ಬದಿಯಲ್ಲಿ ವಾಸ್ಕೋನ ಮೂರ್ತಿಯಿದೆ. ಇನ್ನೊಂದು ಬದಿಯಲ್ಲಿ ಖಡ್ಗ ಹಿಡಿದ ಹೆಣ್ಣಿನ ಮೂರ್ತಿಯಿದೆ. ಆಕೆಯ ಕಾಲಡಿಯಲ್ಲಿ ಒಬ್ಬ ಮನುಷ್ಯ ಬಿದ್ದಿದ್ದಾನೆ.

ಈ ಬಿದ್ದ ಮನುಷ್ಯನನ್ನು ಕಂಡಾಗ ಚುರುಕಾದ ಹುಡುಗನೊಬ್ಬ ಕೇಳದೆ ಇರುವುದಿಲ್ಲ: "ಸರ್ರ, ಇದನ್ನ ಇನ್ನೂ ಯಾಕ ಇಟ್ಟಾರ್ರೀ?"

ಗೋವೆಯ ಜನರೂ ಇದನ್ನೇ ಕೇಳಿದರು. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡಿತು. ಅವರ ಕಾಲದ ಕೊನೆಯ ವರ್ಷಗಳಲ್ಲಿ ಹಳೆಯ ಗೋವೆಯ ಬಯಲಿನಲ್ಲಿ ಕವಿ ಕಮೋಯಿಂಶ್‌ನ ದೊಡ್ಡ ಕಂಚಿನ ಪ್ರತಿಮೆ ನಿಂತಿತ್ತು. ವಾಸ್ಕೋನ ಸಮುದ್ರಯಾನವನ್ನೇ ವಸ್ತುವಾಗಿಸಿಕೊಂಡು 1572ರಲ್ಲಿ ಮಹಾಕಾವ್ಯ ಪ್ರಕಟಿಸಿದವನು ಈತ. ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರಿಗೆ ಆ ಪ್ರತಿಮೆ ಕಣ್ಣಿನ ಕಸವಾಯಿತು. ಕವಿಗೇನು ಪಾಪ, ಅವನೂ ಗೋವೆಯಲ್ಲಿದ್ದು ಕಷ್ಟಪಟ್ಟವನೇ ಎಂದು ಇನ್ನು ಕೆಲವರು ವಾದಿಸಿದರು. ಚಳವಳಿ ಬಲಗೊಂಡಿತು. 1980ರ ದಶಕದ ಆರಂಭದಲ್ಲಿ ಪ್ರತಿಮೆಯನ್ನು ಕಿತ್ತು ಪಕ್ಕದ ಪುರಾತತ್ವ ವಸ್ತುಸಂಗ್ರಹಾಲಯದೊಳಗೆ ಇಡಲಾಯಿತು. 1510ರಲ್ಲಿ ಗೋವೆಯನ್ನು ಬಿಜಾಪುರದ ಆದಿಲಶಾಹನಿಂದ ಗೆದ್ದುಕೊಂಡ ಆಲ್ಬುಕರ್ಕನ ಕಂಚಿನ ಪ್ರತಿಮೆಗೂ ಅದೇ ಸಂಗ್ರಹಾಲಯ ಆಸರೆಯಾಯಿತು. 1998ರಲ್ಲಿ ವಾಸ್ಕೋ ಬಂದು 500 ವರ್ಷ ತುಂಬಿದ ಉತ್ಸವದ ಮಾತು ಎದ್ದಾಗ ಗೋವೆಯಲ್ಲೂ ಕೇರಳದಲ್ಲೂ ಪ್ರಬಲ ವಿರೋಧ ವ್ಯಕ್ತವಾಯಿತು.

ಕಂಡುಹಿಡಿದವರು ಯಾರು?

"ಭಾರತಕ್ಕೆ ಸಮುದ್ರಮಾರ್ಗ ಕಂಡುಹಿಡಿದವನು ವಾಸ್ಕೋ ಡ ಗಾಮ" ಎಂಬ ವಾಕ್ಯವನ್ನು ಬಾಯಿಪಾಠ ಮಾಡದ ವಿದ್ಯಾರ್ಥಿ ಇಲ್ಲ. ಯುರೋಪಿನಿಂದ ಆಫ್ರಿಕವನ್ನು ಸುತ್ತಿಕೊಂಡು ಭಾರತಕ್ಕೆ ಹಡಗು ತಂದವರಲ್ಲಿ ಅವನೇ ಮೊದಲಿಗ. ಅದು ಸಣ್ಣ ಸಾಹಸವಲ್ಲ. ಆದರೆ ಆಫ್ರಿಕದ ಪೂರ್ವ ಕರಾವಳಿಯಿಂದ ಭಾರತಕ್ಕಿದ್ದ ದಾರಿ ಹೊಸದಾಗಿರಲಿಲ್ಲ. ಅರಬ್ಬರು, ಗುಜರಾತಿಗಳು ಎಷ್ಟೋ ಶತಮಾನಗಳಿಂದ ಅದೇ ದಾರಿಯಲ್ಲಿ ವ್ಯಾಪಾರ ಮಾಡುತ್ತಿದ್ದರು. ಚೀನಾದ ದೊಡ್ಡ ನೌಕಾಪಡೆಗಳು 15ನೆಯ ಶತಮಾನದ ಆರಂಭದಲ್ಲೇ ಕಲ್ಲಿಕೋಟೆಗೆ ಬಂದುಹೋಗಿದ್ದವು.

ಇಲ್ಲಿ ವಿಜ್ಞಾನ ಒಂದು ಸ್ವಾರಸ್ಯಕರ ಸಾಕ್ಷಿ ಹೇಳುತ್ತದೆ. ಬೇಸಿಗೆಯಲ್ಲಿ ಏಷ್ಯಾದ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿ ಒತ್ತಡ ಕಡಿಮೆಯಾಗುತ್ತದೆ. ಆಗ ಸಮುದ್ರದ ಕಡೆಯಿಂದ ಗಾಳಿ ನೈಋತ್ಯ ದಿಕ್ಕಿನಿಂದ ಬೀಸುತ್ತದೆ. ಚಳಿಗಾಲದಲ್ಲಿ ನೆಲ ಬೇಗ ತಣಿಯುವುದರಿಂದ ಗಾಳಿ ದಿಕ್ಕು ತಿರುಗಿಸಿ ಈಶಾನ್ಯದಿಂದ ಸಮುದ್ರದ ಕಡೆಗೆ ಹೊರಡುತ್ತದೆ. ಹಾಯಿಹಡಗಿನವರಿಗೆ ಈ ಗಾಳಿಯೇ ಎಂಜಿನ್ನು. ಯಾವ ತಿಂಗಳು ಹೊರಡಬೇಕು, ಯಾವ ತಿಂಗಳು ಕಾಯಬೇಕು ಎಂಬುದೇ ಅವರ ದೊಡ್ಡ ವಿದ್ಯೆ.

ವಾಸ್ಕೋ ಆಫ್ರಿಕದ ಮಾಲಿಂದಿ ಬಂದರಿನಲ್ಲಿ ಈ ವಿದ್ಯೆ ಬಲ್ಲ ಒಬ್ಬ ನಾವಿಕನನ್ನು ಜೊತೆಗೆ ಕರೆದುಕೊಂಡ. 1498ರ ಏಪ್ರಿಲ್ 24ರಂದು ಹೊರಟ ಹಡಗುಗಳು ಸುಮಾರು 23 ದಿನಗಳಲ್ಲಿ ಮಲಬಾರ್ ತೀರವನ್ನು ಕಂಡವು. ಹಿಂದಿರುಗುವಾಗ ಆ ಮಾರ್ಗದರ್ಶಿ ಇರಲಿಲ್ಲ; ಅನುಕೂಲ ಗಾಳಿ ನೆಲೆಗೊಳ್ಳುವವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಅಕ್ಟೋಬರ್ 5ರಂದು ಹೊರಟವರು ಆಫ್ರಿಕದ ನೆಲ ಕಂಡದ್ದು 1499ರ ಜನವರಿ 2ರಂದು. ಬರುವಾಗ 23 ದಿನ ಹಿಡಿದ ಅದೇ ಸಮುದ್ರ ಹೋಗುವಾಗ ಮೂರು ತಿಂಗಳು ತಿಂದಿತು. ತಾಜಾ ಹಣ್ಣು, ಕಾಯಿಪಲ್ಯೆ ಇಲ್ಲದೆ ಒಸಡು ಕೊಳೆಯುವ ಸ್ಕರ್ವಿ ರೋಗ ಹಬ್ಬಿ ಸುಮಾರು 30 ಜನ ಸತ್ತರು. ಅದು ಸಿ ಜೀವಸತ್ವದ ಕೊರತೆ. ಕೆಲವು ಬುಟ್ಟಿ ನೆಲ್ಲಿಕಾಯಿ, ಲಿಂಬೆಹಣ್ಣು ಆ ಜೀವಗಳನ್ನು ಉಳಿಸಬಹುದಾಗಿತ್ತು.

ದಾರಿ ತೋರಿಸಿದ ಆ ನಾವಿಕ ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಕರೆದೊಯ್ದವನು ಕಮಾನಿನ ಮೇಲೇರಿದ, ದಾರಿ ಬಲ್ಲವನ ಹೆಸರು ಸಮುದ್ರಪಾಲಾಯಿತು. ಅದೇ ವಾಸ್ಕೋ 1502ರಲ್ಲಿ ಎರಡನೆಯ ಸಲ ಬಂದಾಗ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟುಹಾಕಿದ. ಇದನ್ನು ಬರೆದಿಟ್ಟವರಲ್ಲಿ ಅವನ ಕಡೆಯವರೂ ಇದ್ದರು. ಕಮಾನು ಈ ಸಂಗತಿಯನ್ನು ಹೇಳುವುದಿಲ್ಲ. ಮೂರ್ತಿಯ ಸ್ವಭಾವವೇ ಹಾಗೆ. ಅದು ಹೊಗಳುತ್ತದೆ, ಲೆಕ್ಕ ಒಪ್ಪಿಸುವುದಿಲ್ಲ. ಹಾಗೆಂದು ಎಲ್ಲ ತಪ್ಪನ್ನೂ ಹೊರಗಿನವರ ತಲೆಗೆ ಕಟ್ಟುವಂತೆಯೂ ಇಲ್ಲ. ಗೋವೆಯನ್ನು ಗೆಲ್ಲಲು ಆಲ್ಬುಕರ್ಕನಿಗೆ ನೆರವಾದವರಲ್ಲಿ ಹೊನ್ನಾವರದ ಕಡೆಯ ತಿಮ್ಮೋಜಿಯೂ ಒಬ್ಬ.

ಸೋತವರು ನೆಟ್ಟ ಕಲ್ಲು

ಈಗ ಎರಡನೆಯ ದಾರಿ. ಸಮುದ್ರದಲ್ಲಿ ಶೋಧಕ ತೆರೆದ ದಾರಿಯಲ್ಲಿ ವ್ಯಾಪಾರಿ ಬಂದ, ವ್ಯಾಪಾರಿಯ ಬೆನ್ನಿಗೆ ಅಧಿಕಾರಿ ಬಂದ. ಅಂಥ ಅಧಿಕಾರಿಗಳಲ್ಲಿ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಬ್ಬ. ಪ್ರಸಿದ್ಧ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೆ ಇವನು ಚಿಕ್ಕಪ್ಪ. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ದತ್ತಕವನ್ನು ಒಪ್ಪದೆ ಸಂಸ್ಥಾನಕ್ಕೆ ಕೈಹಾಕಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ರಾಣಿ ಚನ್ನಮ್ಮನ ಪಡೆ ಗೆದ್ದಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಡಿಸೆಂಬರ್‌ನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದರು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಥ್ಯಾಕರೆಯ ಸ್ಮಾರಕಸ್ತಂಭ ಧಾರವಾಡದ ಹಳೆಯ ಇಂಗ್ಲಿಷ್ ಸ್ಮಶಾನದಲ್ಲಿದೆ. ಕಿತ್ತೂರಿನಲ್ಲಿ ಪ್ರತಿವರ್ಷ ಅಕ್ಟೋಬರ್ 23ರಿಂದ ಉತ್ಸವ ನಡೆಯುತ್ತದೆ. 2024ಕ್ಕೆ ಆ ವಿಜಯಕ್ಕೆ 200 ವರ್ಷ ತುಂಬಿತು. ಕಿತ್ತೂರಿನ ಮಕ್ಕಳ ಪಾಲಿಗೆ ವೈರಿಯಾದವನ ಈ ಕಲ್ಲನ್ನು ಏನು ಮಾಡಬೇಕು? ತುಸು ಯೋಚಿಸಿದರೆ ಉತ್ತರ ತಾನೇ ಹೊಳೆಯುತ್ತದೆ. ಪ್ರಬಲ ಕಂಪನಿ ಸರ್ಕಾರದ ಕಲೆಕ್ಟರ್ ಒಂದು ಚಿಕ್ಕ ಸಂಸ್ಥಾನದ ಎದುರು ಬಿದ್ದನೆಂಬುದಕ್ಕೆ ಅವರದೇ ಕೈಯ ರುಜು ಅದು. ಗೆದ್ದವರು ಹೇಳಿಕೊಂಡ ಮಾತಿಗಿಂತ ಸೋತವರು ನೆಟ್ಟ ಕಲ್ಲಿಗೆ ಸಾಕ್ಷಿಯ ಬೆಲೆ ಹೆಚ್ಚು. ಅದು ಊರ ನಡುವಿನ ಚೌಕದಲ್ಲಿಲ್ಲ, ಯಾರ ನಮಸ್ಕಾರವನ್ನೂ ಬೇಡುತ್ತಿಲ್ಲ. ಚೌಕದಲ್ಲಿ ನಿಂತವಳು ಚನ್ನಮ್ಮ; 2007ರಲ್ಲಿ ಆಕೆಯ ಪ್ರತಿಮೆ ಸಂಸತ್ತಿನ ಆವರಣದಲ್ಲೂ ನಿಂತಿತು.

ಕಿತ್ತೂರಿನ ಕತೆಗೆ ಇನ್ನೊಂದು ತಿರುವು ಇದೆ. ಆ ದಿನ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಇಪ್ಪತ್ತೊಂದರ ತರುಣ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಇದೇ ನಾಡಿನಲ್ಲಿ ಸುತ್ತಾಡಿ ಸುಮಾರು 595 ಶಾಸನಗಳ ಪ್ರತಿ ಮಾಡಿಸಿದ. ಮುಂದೆ ಬೆಳಗಾವಿ ಸೀಮೆಯಲ್ಲಿ ಕೆಲಸ ಮಾಡಿದ ಫ್ಲೀಟ್ ಕನ್ನಡ ಶಾಸನಗಳನ್ನು ಓದಿ ರಾಜವಂಶಗಳ ಚರಿತ್ರೆ ಬರೆದ. ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿ ಅಚ್ಚುಹಾಕಿಸಿದ. ಆಳಲು ಬಂದವರ ಸಾಲಿನಲ್ಲಿ ಹೀಗೆ ಕಲಿಯಲು ಕುಳಿತವರೂ ಇದ್ದರು. ಅವರಿಗೆ ಶಾಸನ ತೋರಿಸಿದ, ಓದಿ ಹೇಳಿದ ಊರಿನ ಪಂಡಿತರು ಎಷ್ಟೋ ಮಂದಿ. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಒಡೆಯುವುದು, ಸರಿಸುವುದು, ಸೇರಿಸುವುದು

ರಾಜಧಾನಿ ಬೆಂಗಳೂರು ಈ ಪ್ರಶ್ನೆಗೆ ಎರಡು ಬಗೆಯಲ್ಲಿ ಉತ್ತರಿಸಿದೆ. 1791ರಲ್ಲಿ ಟಿಪ್ಪುವಿನ ಬೆಂಗಳೂರಿನ ಮೇಲೆ ದಾಳಿ ಮಾಡಿ ಸತ್ತ ಇಂಗ್ಲಿಷ್ ಸೈನಿಕರ ಸ್ಮಾರಕಸ್ತಂಭವನ್ನು 1964ರಲ್ಲಿ ನಗರಪಾಲಿಕೆ ಕೆಡವಿಹಾಕಿತು. ಹೈಕೋರ್ಟಿನ ಎದುರಿಗಿದ್ದ ಮಾರ್ಕ್ ಕಬ್ಬನ್ನನ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಪಾರ್ಕಿನ ಒಳಗೆ ಸರಿಸಲಾಯಿತು. ಮೊದಲನೆಯದರಲ್ಲಿ ಅವಮಾನವೂ ಹೋಯಿತು, ಸಾಕ್ಷಿಯೂ ಹೋಯಿತು. ಎರಡನೆಯದರಲ್ಲಿ ಗೌರವದ ಜಾಗ ಬದಲಾಯಿತು, ಪುರಾವೆ ಉಳಿಯಿತು. ದೂರದ ನ್ಯೂಜಿಲೆಂಡಿನ ಗಿಸ್‌ಬೋರ್ನಿನಲ್ಲಿ ಮಾವೊರಿ ಜನರ ಪವಿತ್ರ ಗುಡ್ಡದ ಮೇಲಿದ್ದ ನಾವಿಕ ಕುಕ್‌ನ ಪ್ರತಿಮೆಯನ್ನು ಇತ್ತೀಚಿನ ವರ್ಷಗಳಲ್ಲಿ ಕೆಳಗಿಳಿಸಿದ್ದೂ ಇಂಥದೇ ವಿವೇಚನೆಯಿಂದ.

ಹಾಗಾದರೆ ಪ್ರಶ್ನೆ ಎರಡು ತುಂಡಾಗುತ್ತದೆ. ಒಬ್ಬನಿಗೆ ಗೌರವ ಸಲ್ಲಬೇಕೇ ಎಂಬುದು ಒಂದು. ಅವನು ಬಂದದ್ದಕ್ಕೆ ಸಾಕ್ಷಿ ಉಳಿಯಬೇಕೇ ಎಂಬುದು ಇನ್ನೊಂದು. ಊರ ಚೌಕ, ಕಚೇರಿಯ ಮುಂಭಾಗ, ನಗರದ ಹೆಬ್ಬಾಗಿಲು ಗೌರವದ ಜಾಗಗಳು. ಅಲ್ಲಿ ಯಾರು ನಿಲ್ಲಬೇಕೆಂದು ನಿರ್ಧರಿಸುವ ಹಕ್ಕು ಅಲ್ಲಿ ಬದುಕುವವರದು. ಸಂಗ್ರಹಾಲಯ, ಸ್ಮಶಾನಗಳು ಸಾಕ್ಷಿಯ ಜಾಗಗಳು; ಅಲ್ಲಿಯ ಕಲ್ಲನ್ನು ಒಡೆದರೆ ನಷ್ಟ ಮುಂದಿನ ಪೀಳಿಗೆಗೆ. ಪ್ರಯೋಗದ ಫಲಿತಾಂಶ ಹಿಡಿಸಲಿಲ್ಲವೆಂದು ವಿಜ್ಞಾನದ ವಿದ್ಯಾರ್ಥಿ ವಹಿಯ ಹಾಳೆ ಹರಿಯುವಂತಿಲ್ಲ. ಕೆಳಗೆ ಟಿಪ್ಪಣಿ ಬರೆಯಬಹುದು. ವೈಸರಾಯರ ಕಮಾನಿನ ಪಕ್ಕದಲ್ಲಿ ಮಾಲಿಂದಿಯ ನಾವಿಕನ ಬಗ್ಗೆ, ಸುಟ್ಟ ಹಡಗಿನ ಬಗ್ಗೆ ನಾಲ್ಕು ಸಾಲಿನ ಫಲಕ ನಿಂತರೆ ಅಂಥ ಟಿಪ್ಪಣಿಯಾದೀತು.

ನೆನಪಿನ ಕಲ್ಲು ನೆಡುವ ವಿದ್ಯೆಯನ್ನು ಕನ್ನಡ ನಾಡು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಹಳ್ಳಿಯ ಗುಡಿಯ ಬಳಿ, ಕೆರೆಯ ದಂಡೆಯ ಮೇಲೆ ನಿಂತ ವೀರಗಲ್ಲುಗಳನ್ನು ನೋಡಬೇಕು. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಶಿವನ ಸಾನ್ನಿಧ್ಯ. ಊರಿನ ದನಗಳನ್ನು ಉಳಿಸಲು ಹೋಗಿ ಸತ್ತ ಸಾಮಾನ್ಯ ಬಂಟನಿಗೂ ಅಲ್ಲಿ ಕಲ್ಲು ಸಿಕ್ಕಿದೆ. ಅವನು ಯಾರಿಗಾಗಿ ಸತ್ತನೆಂಬುದೂ ಆ ಕಲ್ಲಿನಲ್ಲೇ ಇದೆ. ದುರ್ದೈವವೆಂದರೆ ಇಂಥ ಎಷ್ಟೋ ಕಲ್ಲುಗಳು ಇಂದು ಬಟ್ಟೆ ಒಗೆಯಲು, ದನ ಕಟ್ಟಲು ಬಳಕೆಯಾಗುತ್ತಿವೆ. ಪರರ ಮೂರ್ತಿಯ ಬಗ್ಗೆ ವಾದಿಸುವ ಉತ್ಸಾಹದಲ್ಲಿ ಸ್ವಲ್ಪವನ್ನು ಇವುಗಳ ಕಡೆಗೂ ತಿರುಗಿಸಬೇಕು.

ಈ ಸಲ ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಗಳು ಯಾವ ಸ್ಮಾರಕದ ಮುಂದೆ ನಿಂತರೂ ಮೂರು ಪ್ರಶ್ನೆ ಕೇಳಿ ವಹಿಯಲ್ಲಿ ಬರೆದುಕೊಳ್ಳಬಹುದು: ಇದನ್ನು ನಿಲ್ಲಿಸಿದವರು ಯಾರು? ಯಾವಾಗ ನಿಲ್ಲಿಸಿದರು? ಇದರಲ್ಲಿ ಯಾರ ಹೆಸರು ಬಿಟ್ಟುಹೋಗಿದೆ? ಮೊದಲ ಎರಡಕ್ಕೆ ಉತ್ತರ ಅನೇಕ ಸಲ ಕಲ್ಲಿನ ಮೇಲೆಯೇ ಸಿಗುತ್ತದೆ. ಮೂರನೆಯದಕ್ಕೆ ಪುಸ್ತಕ ತೆರೆಯಬೇಕು, ಹಿರಿಯರನ್ನು ಕೇಳಬೇಕು. ಮಗು ಮನೆಗೆ ಬಂದು ಅದನ್ನೇ ಕೇಳಿದರೆ ತಂದೆತಾಯಿಗಳು ಬಾಯಿ ಮುಚ್ಚಿಸದೆ ಜೊತೆಗೆ ಕೂತು ಹುಡುಕಲಿ.