ಸೆಳೆವಗಳ ಲೆಕ್ಕ

ಹದ್ದಿನ ಜಾತಿ ಅಂದರೆ ಕೋಳಿಮರಿ ಕದಿಯೋ ಕಳ್ಳರು ಅಂತ ಅಲ್ಲವೆ ನೀವೂ ಅನ್ನೋದು? ಚಳಿಗಾಲಕ್ಕೆ ಕಜಕಸ್ತಾನದಷ್ಟು ದೂರದಿಂದ ನಮ್ಮ ಬಯಲುಸೀಮೆಗೆ ಬರುವ ಸೆಳೆವಗಳು ತಿನ್ನುವುದು ಹೆಚ್ಚಾಗಿ ಮಿಡತೆ, ಸಣ್ಣ ಹಕ್ಕಿ. ರಾತ್ರಿ ಮರವೇರದೆ ಹುಲ್ಲಿನ ನಡುವೆ ನೆಲದಲ್ಲೇ ಮಲಗುತ್ತವೆ. ಅದಕ್ಕೇ ಎಣಿಸುವ ಸ್ವಯಂಸೇವಕರು ಹೊತ್ತು ಮುಳುಗುವ ಮುಂಚೆಯೇ ದಿಕ್ಕಿಗೊಬ್ಬರಂತೆ ಕೂರುವುದು.

ಹೋದ ಮಾಗಿಯಲ್ಲಿ ಜಾವಗಲ್ಲಿನಿಂದ ಅಕ್ಕನ ಮಗನ ಜೊತೆ ನಾನೂ ಒಂದು ಕಾವಲಿಗೆ ಹೋಗಿದ್ದೆ.

"ಚಿಕ್ಕಮ್ಮ, ಎದ್ದು ಮತ್ತೆ ಇಳಿದದ್ದನ್ನ ಎರಡು ಸಲ ಬರೀಬೇಡಿ" ಅಂದ. ಮದುವೆಮನೆಯಲ್ಲಿ ಎಲೆ ಎಣಿಸಿದವಳಿಗೆ ಹೇಳಿಕೊಡಬೇಕೆ!

ನನ್ನ ದಿಕ್ಕಿನವು ಕೈಬೆರಳಿಗೇ ಮುಗಿದವು. ಕಡೂರು ಕಡೆಯ ಬಾಸೂರು ಅಮೃತಮಹಲ್ ಕಾವಲಿಗೆ 2011ರಲ್ಲಿ ರಕ್ಷಣೆ ಸಿಕ್ಕಿತು. ಮಿಕ್ಕ ಎಷ್ಟೋ ಹುಲ್ಲುಬಯಲನ್ನು ಪಾಳುನೆಲವೆಂದು ಉತ್ತರು, ನೀಲಗಿರಿ ನೆಟ್ಟರು. ಪಾಳಲ್ಲ, ಇಲ್ಲಿ ಇಷ್ಟು ನೆಂಟರು ಇಳಿಯುತ್ತಾರೆ ಅನ್ನೋದಕ್ಕೆ ಈ ಲೆಕ್ಕದ ಪುಸ್ತಕವೇ ಸಾಕ್ಷಿ.