ಅಣ್ಣ, ಬೆಸುಗೆ ಬಿಟ್ಟಿಲ್ಲ

ಪ್ರೀತಿಯ ಅಣ್ಣ,

ಮೊನ್ನೆ ಫೋನಿನಲ್ಲಿ ನಿನಗೆ ಉತ್ತರ ಹೇಳಿದೆ, ಆದರೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಅದಕ್ಕೇ ಈ ಕಾಗದ. "ಕೀಲು ಬೆಸೆದಿದ್ದೇವೆ ಅಂದರು, ಪಾದ ನೋಡಿದರೆ ಇನ್ನೂ ಮೇಲೆ ಕೆಳಗೆ ಆಡ್ತದೆ. ಒಳಗೆ ಸ್ಕ್ರೂ ಸಡಿಲ ಆಯ್ತಾ?" ಎಂದೆಯಲ್ಲ. ಇಲ್ಲ ಅಣ್ಣ. ನೀನು ಕಳಿಸಿದ ಎಕ್ಸ್‌ರೇ ನೋಡಿದೆ, ನಿನ್ನ ಡಾಕ್ಟರು ಹೇಳಿದ ಹಾಗೆಯೇ ಎಲುಬು ಚೆನ್ನಾಗಿ ಕೂಡಿದೆ. ಆಪರೇಷನ್ನಿಗೆ ಮೊದಲೇ ನೀನು ಹೊಗೆಸೊಪ್ಪು ಬಿಟ್ಟದ್ದು ಕೆಲಸಕ್ಕೆ ಬಂತು. ನಿಕೋಟಿನ್ ಎಲುಬನ್ನು ಸುಲಭಕ್ಕೆ ಕೂಡಲು ಬಿಡುವುದಿಲ್ಲ. ಇನ್ನು ಮುಂದೆಯೂ ಅದರ ತಂಟೆಗೆ ಹೋಗಬೇಡ.

ಬೆಸೆದದ್ದು ಒಂದೇ ಕೀಲನ್ನು. ಮೊಣಕಾಲಿನಿಂದ ಇಳಿದ ಎಲುಬು ಪಾದದ ಟೇಲಸ್ ಎಂಬ ಎಲುಬಿನ ಮೇಲೆ ಕೂರುವ ಜಾಗ ಅದು. ಬೈಕಿನಿಂದ ಬಿದ್ದಾಗ ಮುರಿದದ್ದೂ ಅದೇ, ಆಮೇಲೆ ವರ್ಷಗಟ್ಟಲೆ ಸವೆದದ್ದೂ ಅದೇ. ಮಂಡಿ ವಯಸ್ಸಾಗಿ ಸವೆದರೆ, ಪಾದದ ಕೀಲು ಸವೆಯುವುದು ಹೆಚ್ಚಾಗಿ ಹಳೆಯ ಪೆಟ್ಟಿನಿಂದ. ಟೇಲಸ್ಸಿನ ಕೆಳಗೆ, ಹಿಮ್ಮಡಿ ಎಲುಬಿನ ಮೇಲೆ ಇನ್ನೊಂದು ಕೀಲಿದೆ. ಸ್ವಲ್ಪ ಮುಂದೆ ಪಾದದ ನಡುವೆ ಅಕ್ಕಪಕ್ಕ ಎರಡು ಕೀಲುಗಳಿವೆ. ನಿನ್ನ ಪಾದದಲ್ಲಿ ಆಡುತ್ತಿರುವುದು ಇವು. ಬೆಸೆದ ಕೀಲಿನ ಕೆಲಸದಲ್ಲಿ ಒಂದಷ್ಟನ್ನು ಇವೇ ಹೊತ್ತುಕೊಂಡಿವೆ.

ನಿನಗಷ್ಟೇ ಅಲ್ಲ, ನಡಿಗೆ ಅಳೆಯುವವರಿಗೂ ಮೊದಲು ಇದನ್ನು ಸರಿಯಾಗಿ ಹಿಡಿಯಲಾಗುತ್ತಿರಲಿಲ್ಲ. ಕಾಲಿಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು ನಡೆಸುತ್ತಾರೆ. ಹಳೆಯ ಲೆಕ್ಕದಲ್ಲಿ ಇಡೀ ಪಾದ ಒಂದೇ ತುಂಡು, ಹಾಗಾಗಿ ನಡುಪಾದ ಬಗ್ಗಿದ್ದೂ ಮೇಲಿನ ಕೀಲಿನ ಖಾತೆಗೇ ಹೋಗುತ್ತಿತ್ತು. ಆಕ್ಸ್‌ಫರ್ಡ್ ಫುಟ್ ಮಾಡೆಲ್‌ನಂಥ ವಿಧಾನಗಳು ಹಿಂಪಾದ, ಮುಂಪಾದ, ಹೆಬ್ಬೆರಳನ್ನು ಬೇರೆಬೇರೆಯಾಗಿ ಅಳೆದವು. ಆಗ ಯಾವ ಚಲನೆ ಯಾವ ಭಾಗದ್ದು ಎಂಬುದು ಸ್ಪಷ್ಟವಾಯಿತು.

ಅಮೆರಿಕದ ವೈದ್ಯೆ ಜಾಕ್ವೆಲಿನ್ ಪೆರಿ 1992ರಲ್ಲಿ ಬರೆದ ನಡಿಗೆಯ ಪುಸ್ತಕವನ್ನು ನಮ್ಮಂಥ ಫಿಸಿಯೋಗಳು ಇವತ್ತಿಗೂ ಓದುತ್ತೇವೆ. ಊರಿದ ಪಾದದ ಮೇಲೆ ದೇಹ ಮೂರು ಕಡೆ ಉರುಳಿಕೊಂಡು ಮುಂದೆ ಹೋಗುತ್ತದೆ ಎನ್ನುತ್ತಾರೆ ಅವರು: ಮೊದಲು ಹಿಮ್ಮಡಿ, ಆಮೇಲೆ ಪಾದದ ಕೀಲು, ಕೊನೆಗೆ ಬೆರಳುಗಳ ಬುಡ. ಸಮತಟ್ಟು ನೆಲದಲ್ಲಿ ಆ ಕೀಲು ಆಡುವುದು ಹೆಚ್ಚೆಂದರೆ 25–30 ಡಿಗ್ರಿ. ನಿನಗೆ ತಪ್ಪಿಹೋದದ್ದು ನಡುವಿನ ಆ ಒಂದು ಉರುಳು. ಅದಕ್ಕೇ ಹೆಜ್ಜೆ ಚಿಕ್ಕದಾಗಿದೆ, ಹಿಮ್ಮಡಿ ಬೇಗ ಏಳುತ್ತದೆ, ನಡಿಗೆ ನಿಧಾನವಾಗಿದೆ. ನಿಧಾನವೇ ಇರಲಿ ಅಣ್ಣ. ಬೇಗ ಹೋಗಬೇಕೆಂದು ಪಾದವನ್ನು ಹೊರಕ್ಕೆ ತಿರುಗಿಸಿ ನಡೆಯುವ ಅಭ್ಯಾಸ ಮಾತ್ರ ಬೇಡ. ಅದರಿಂದ ಪಾದದ ಒಳಅಂಚಿಗೂ ಮಂಡಿಗೂ ಪೆಟ್ಟು.

ನನಗೆ ಚಿಂತೆ ಇರುವುದು ತೋಟದ ಇಳಿಜಾರು ದಾರಿಯದ್ದು. ಇಳಿಯುವಾಗ ಪಾದ ಮುಂದಕ್ಕೆ ಬಾಗಿ ನೆಲ ಮುಟ್ಟಬೇಕು, ನಿನ್ನದು ಅಷ್ಟು ಬಾಗುವುದಿಲ್ಲ. ಮಂಡಿ ತಟ್ಟನೆ ಮುಂದಕ್ಕೆ ಮಡಚಿ ಮುಗ್ಗರಿಸಿದ ಹಾಗಾಗುವುದು ಅದಕ್ಕೇ. ವಾಪಸು ಹತ್ತುವಾಗ ಹಿಮ್ಮಡಿ ಊರಲಾಗದೆ ಭಾರವೆಲ್ಲ ಮುಂಪಾದದ ಮೇಲೆ ಬೀಳುತ್ತದೆ. ಅಲ್ಲಿ ಅಗಲವಾದ ಮೆಟ್ಟಿಲು ಕಡಿಸು, ಒಂದು ಬದಿಗೆ ಹಿಡಿಯಲು ಗಳ ಕಟ್ಟಿಸು. ಮೆಟ್ಟಿಲಲ್ಲಿ ಪಾದ ಚಪ್ಪಟೆಯಾಗಿ ಊರುತ್ತದೆ, ಇಳಿಜಾರಿನ ಕಷ್ಟ ಅರ್ಧಕ್ಕರ್ಧ ಕಡಿಮೆ. ಊರುಗೋಲು ಎಡಗೈಯಲ್ಲಿರಲಿ, ಆಪರೇಷನ್ ಆದದ್ದು ಬಲಗಾಲಿಗಲ್ಲವೇ. ಕುಕ್ಕರುಗಾಲಿನಲ್ಲಿ ಕೂರುವ ಪ್ರಯತ್ನವೂ ಸಾಕು, ಕಮೋಡ್ ಹಾಕಿಸು.

ಕೃತಕ ಕೀಲು ಹಾಕಿಸಿಕೊಳ್ಳಬೇಕಿತ್ತೇ ಎಂದು ಅತ್ತಿಗೆ ಕೇಳಿದರು. ಅದರಲ್ಲಿ ಚಲನೆ ಸ್ವಲ್ಪ ಉಳಿಯುತ್ತದೆ ನಿಜ, ಆದರೆ ಅದೂ ಸವೆಯುತ್ತದೆ, ಮತ್ತೆ ಆಪರೇಷನ್ ಬೇಕಾಗಬಹುದು. ದಿನವಿಡೀ ತೋಟದಲ್ಲಿ ಹತ್ತಿ ಇಳಿದು ಭಾರ ಹೊರುವ ನಿನಗೆ ಬೆಸುಗೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಆದರೆ ಬೇರೆ ಕೀಲುಗಳು ಹೊತ್ತ ಈ ಹೆಚ್ಚಿನ ಕೆಲಸಕ್ಕೆ ಬೆಲೆಯಿದೆ. ವರ್ಷಗಳು ಕಳೆದಂತೆ ಅವೂ ಸವೆಯಬಹುದು. ಅದನ್ನು ಆದಷ್ಟು ಮುಂದೂಡಲೆಂದೇ ಆ ಶೂ ಕೊಟ್ಟಿರುವುದು. ತೂಗುಕುರ್ಚಿಯ ಕಾಲಿನಂತೆ ಬಾಗಿರುವ ಅದರ ಅಡಿ ನಿನ್ನ ಪರವಾಗಿ ಉರುಳುತ್ತದೆ, ನಡುಪಾದ ಅಷ್ಟು ಬಗ್ಗಬೇಕಾಗುವುದಿಲ್ಲ. ಬರಿಗಾಲಿನಲ್ಲಿ ಆ ಅನುಕೂಲ ಇಲ್ಲ, ಹವಾಯಿ ಚಪ್ಪಲಿಯಲ್ಲೂ ಇಲ್ಲ. ಮನೆಯೊಳಗೆ ಚಪ್ಪಲಿ ಮೆಟ್ಟುವುದು ನಮ್ಮಲ್ಲಿ ಆಗಿಬರುವುದಿಲ್ಲ, ಗೊತ್ತು. ಒಳಗಿಗೆಂದೇ ಬೇರೆ ಜೊತೆ ಮಾಡಿಸು, ಅಂಗಳಕ್ಕೆ ಅದನ್ನು ಇಳಿಸಬೇಡ. ದೇವರ ಕೋಣೆಯ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಅದು ಕಾಲಲ್ಲಿರಲಿ. ಯಾರಾದರೂ ಏನಾದರೂ ಅಂದರೆ ನನ್ನ ಹೆಸರು ಹೇಳು.

ನಡುಪಾದದಲ್ಲೋ ಹಿಮ್ಮಡಿಯ ಪಕ್ಕದಲ್ಲೋ ಹೊಸ ನೋವು ಕಾಣಿಸಿಕೊಂಡರೆ ಕೊನೆಕೊಯ್ಲು ಮುಗಿಯಲಿ ಎಂದು ಕಾಯುತ್ತ ಕೂರಬೇಡ. ಅವತ್ತೇ ನನಗೆ ಫೋನ್ ಮಾಡು.

ನಿನ್ನ ಪ್ರೀತಿಯ
ತಂಗಿ